‘ಸಂಸ್ಕಾರ’ದಲ್ಲಿ ವಿಪರ್ಯಾಸ: ಪಟ್ಟಿ ಮಾಡಿದೆ, ಮಾಷ್ ‘ಅದಕ್ಕೆ?’ ಅಂತ ಬರೆದುಬಿಟ್ಟರು

ಪೆರ್ಲದ ಬಸ್ಸಿನವಳು:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನಲ್ಲಿ ಕನ್ನಡ ಬಿ.ಎ. ಎರಡನೇ ವರ್ಷ. ಒಂದು ಅಸೈನ್‌ಮೆಂಟ್ ತಲೆ ತಿನ್ನುತ್ತಾ ಉಂಟು. ಪ್ರಶ್ನೆ ಇದು: ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ ವಿಪರ್ಯಾಸವು ಆಶಯವನ್ನು ಹೇಗೆ ಮುಟ್ಟಿಸುತ್ತದೆ? ಐದು ಪುಟ ಬರೆಯಬೇಕು.

ಕಾದಂಬರಿ ಎರಡು ಸಲ ಓದಿದ್ದೇನೆ. ಮೊದಲನೆಯದು ಬಸ್ಸಿನಲ್ಲಿ, ನಿಂತುಕೊಂಡು, ಹಾಗಾಗಿ ಅದನ್ನು ಅರ್ಧ ಅಂತಲೇ ಲೆಕ್ಕ ಹಾಕಿ. ನನಗೆ ಕಂಡ ವಿಪರ್ಯಾಸಗಳನ್ನೆಲ್ಲ ಬರೆದೆ. ನಾರಣಪ್ಪ ಬ್ರಾಹ್ಮಣ್ಯವನ್ನು ಬಿಟ್ಟೇ ಬಿಟ್ಟಿದ್ದ, ಆದರೆ ಯಾರೂ ಬಹಿಷ್ಕಾರ ಹಾಕಲಿಲ್ಲವಾದ್ದರಿಂದ ಸಾಯುವಾಗ ಬ್ರಾಹ್ಮಣನೇ ಆಗಿದ್ದ. ಹೆಣ ಮುಟ್ಟಲಾರೆ ಅಂದವರೇ, ಅವನ ಜೊತೆಗಿದ್ದ ಚಂದ್ರಿ ಸಂಸ್ಕಾರದ ಖರ್ಚಿಗೆ ಅಂತ ಚಿನ್ನ ಬಿಚ್ಚಿಟ್ಟ ಕೂಡಲೇ ನಾನು ತಾನು ಅಂತ ಮುಂದೆ ಬಂದರು. ಇದಕ್ಕೆ ಪರಿಹಾರ ಹುಡುಕಲಿಕ್ಕೆ ಹೋದ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಕಾಡಿನಲ್ಲಿ ಚಂದ್ರಿಯ ಜೊತೆಗೆ ಕೂಡಿದರು. ಹಸಿವು ತಡೆಯಲಾಗದೆ ಮಾಧ್ವ ದಾಸಾಚಾರ್ಯ, ತಮಗಿಂತ ಕೀಳು ಅಂತ ಎಣಿಸಿದ ಸ್ಮಾರ್ತರ ಮನೆಗೆ ಹೋಗಿ ಗುಟ್ಟಾಗಿ ತಿಂದ. ಕೊನೆಗೆ ಹೆಣ ಸುಟ್ಟದ್ದು ಮುಸ್ಲಿಮನಾದ ಅಹ್ಮದ್ ಬ್ಯಾರಿ.

ಮಾಷ್, ಅಂದರೆ ನಮ್ಮ ಮೇಷ್ಟ್ರು, ಕೆಳಗೆ ಪೆನ್ಸಿಲಿನಲ್ಲಿ ಬರೆದದ್ದು ಇಷ್ಟೇ: ‘ಪಟ್ಟಿ ಚೆನ್ನಾಗಿದೆ. ಅದಕ್ಕೆ?’

ಅದಕ್ಕೆ ಎಂತ ಅಂತಲೇ ನನಗೂ ಗೊತ್ತಿಲ್ಲ. ಇನ್ನೊಂದು ಸಂಶಯ: ವ್ಯಂಗ್ಯ, ವಿಡಂಬನೆ, ವಿಪರ್ಯಾಸ ಮೂರೂ ಒಂದೆಯಾ? ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಕ್ಲಾಸಿನಲ್ಲಿ ಮಾತ್ರ ಕನ್ನಡ. ಈ ಶಬ್ದಗಳನ್ನೆಲ್ಲ ನಾನು ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿದ್ದಿಲ್ಲ. ಸೋಮವಾರ ಕೊಡಬೇಕು.

ಕುಂಬ್ಳೆ ಕಡಲು:

ಮೊದಲು ಒಂದು ಕೆಲಸ ಮಾಡಿ. ಪೇಪರಿನಲ್ಲಿ ಬರುವ ‘ವಿಪರ್ಯಾಸ’ವನ್ನು ತಲೆಯಿಂದ ತೆಗೆದುಹಾಕಿ. ಅಲ್ಲಿ ಬೇಸರದ ವಿಷಯವೆಲ್ಲ ವಿಪರ್ಯಾಸವೇ. ರಸ್ತೆಯಲ್ಲಿ ಹೊಂಡ ಬಿದ್ದು ಎರಡು ಮಳೆಗಾಲ ಕಳೆದರೂ ಮುಚ್ಚದಿರುವುದು ವಿಪರ್ಯಾಸ, ಅಂತ ಬರೆಯುತ್ತಾರೆ. ಅದು ವಿಪರ್ಯಾಸ ಅಲ್ಲ ಮಾರಾಯ್ರೇ, ಅದು ಹೊಂಡ. ರಸ್ತೆ ರಿಪೇರಿ ಆಯಿತು ಅಂತ ಭಾಷಣ ಮಾಡಲಿಕ್ಕೆ ಬಂದವರ ಕಾರು ಅದೇ ಹೊಂಡದಲ್ಲಿ ಹೂತು ಹೋದರೆ ಆಗ ವಿಪರ್ಯಾಸ.

ಉಳಿದದ್ದಕ್ಕೆ ಬದಿಯಡ್ಕದ ಮಾಷ್ ಬರಲಿ. ಬರದೆ ಇರುವುದಿಲ್ಲ.

ನಿವೃತ್ತ ಮಾಷ್, ಬದಿಯಡ್ಕ:

ಬಂದೆ. ಅಡಿಕೆ ಸುಲಿಯುವವರು ಇವತ್ತು ಕೈಕೊಟ್ಟಿದ್ದಾರೆ, ಹಾಗಾಗಿ ಉದ್ದ ಬರೆಯುತ್ತೇನೆ.

ತಂಗಿ, ಮೊದಲು ಶಬ್ದದ ವಿಷಯ. ವಿಡಂಬನೆ ಎಂದರೆ ಗೇಲಿ, ಅದಕ್ಕೆ ಒಂದು ಗುರಿ ಇರುತ್ತದೆ. ವ್ಯಂಗ್ಯ ಮಾತಿನಲ್ಲಿರುತ್ತದೆ. ಕತ್ತಲಾದ ಮೇಲೆ ಮನೆಗೆ ಬಂದವನಿಗೆ ಅಮ್ಮ ‘ಇಷ್ಟು ಬೇಗ ಬಂದ್ಯಾ?’ ಅಂದ ಹಾಗೆ. ಹೈಸ್ಕೂಲಿನಲ್ಲಿ ವ್ಯಾಜಸ್ತುತಿ ಅಂತ ಒಂದು ಅಲಂಕಾರ ಕಲಿತಿರಬಹುದು, ಹೊಗಳಿದ ಹಾಗೆ ಬೈಯುವುದು, ಅದು ಇದರ ಹತ್ತಿರದ ನೆಂಟ. ವಿಪರ್ಯಾಸ ಇರುವುದು ಸಂಗತಿಯಲ್ಲಿ. ಅಂದುಕೊಂಡದ್ದೊಂದು, ಆದದ್ದು ಅದಕ್ಕೆ ಅಡಿಮೇಲು. ಕುಂಬ್ಳೆಯವರ ಹೊಂಡ ತಮಾಷೆಗೆ ಹೇಳಿದ್ದಾದರೂ ಸರಿಯಾಗಿಯೇ ಉಂಟು.

ಇದರಲ್ಲೇ ಇನ್ನೊಂದು ಜಾತಿ ಇದೆ. ನಿನಗೆ ಬೇಕಾದದ್ದು ಅದು. ನೋಡುವವನಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ. ನಾಟಕೀಯ ವಿಪರ್ಯಾಸ ಅನ್ನುತ್ತಾರೆ. ನೀನು ತಾಳಮದ್ದಳೆ ಕೇಳಿದವಳಾದರೆ ಇದನ್ನು ನಿನಗೆ ಹೊಸದಾಗಿ ಕಲಿಸಬೇಕಾಗಿಲ್ಲ. ನಮ್ಮ ಕುಂಬಳೆಯ ಪಾರ್ತಿಸುಬ್ಬನ ‘ಪಂಚವಟಿ’ಯನ್ನು ತೆಗೆದುಕೋ. ಬಂಗಾರದ ಜಿಂಕೆ ಬಂತು. ಅದು ಮಾರೀಚ ಅಂತ ಚಾಪೆಯ ಮೇಲೆ ತೂಕಡಿಸುವ ಮಗುವಿಗೂ ಗೊತ್ತು. ಸೀತೆಗೆ ಗೊತ್ತಿಲ್ಲ. ಸೀತೆಯ ಅರ್ಥ ಹೇಳುವವರು, ಅಂದರೆ ಸೀತೆಯಾಗಿ ಮಾತಾಡುವವರು, ಆ ಜಿಂಕೆಯ ಮೈಬಣ್ಣವನ್ನು, ಅದು ಕತ್ತು ತಿರುಗಿಸಿ ನೋಡಿದ ಚಂದವನ್ನು ವರ್ಣಿಸುತ್ತಾ ಹೋದಷ್ಟೂ ನಮಗೆ ಸಂಕಟ ಜಾಸ್ತಿ. ಮಾತು ಒಂದೇ. ಅವಳಿಗೆ ಅದು ಆಸೆ, ನಮಗೆ ಅದು ಅಪಾಯ.

ಈಗ ‘ಸಂಸ್ಕಾರ’ಕ್ಕೆ ಬಾ. ದೂರ್ವಾಸಪುರದ ಅಗ್ರಹಾರದಲ್ಲಿ ಹೆಣ ಬಿದ್ದಿದೆ. ಅದನ್ನು ಎತ್ತುವವರೆಗೆ ಯಾರೂ ಉಣ್ಣುವ ಹಾಗಿಲ್ಲ, ದೇವರ ಪೂಜೆಯೂ ಇಲ್ಲ. ಎಲ್ಲರೂ ಆಚಾರ್ಯರ ಮುಖ ನೋಡುತ್ತಾರೆ. ಆಚಾರ್ಯರು ಓಲೆಗರಿ ನೋಡುತ್ತಾರೆ. ಅಲ್ಲಿ ಉತ್ತರ ಸಿಗಲಿಲ್ಲ ಅಂತ ಮಾರುತಿಯ ಗುಡಿಗೆ ಹೋಗಿ ಪ್ರಸಾದ ಕೇಳುತ್ತಾರೆ, ಹೂ ಬಲಕ್ಕೂ ಬೀಳುವುದಿಲ್ಲ, ಎಡಕ್ಕೂ ಬೀಳುವುದಿಲ್ಲ. ಇಷ್ಟರವರೆಗೆ ನಾವೂ ಅವರ ಜೊತೆಗೇ ಇದ್ದೇವೆ, ಏನಾಗುತ್ತದೋ ಅಂತ ಕಾಯುತ್ತಿದ್ದೇವೆ.

ಆಮೇಲೆ ಚಂದ್ರಿ ಒಬ್ಬಳೇ ರಾತ್ರಿಯಲ್ಲಿ ಹೊರಟು ಅಹ್ಮದ್ ಬ್ಯಾರಿಯನ್ನು ಕರೆಯುತ್ತಾಳೆ. ಆತ ಮೀನಿನ ವ್ಯಾಪಾರಿ. ಗಾಡಿ ತರುತ್ತಾನೆ, ಹೆಣ ಹೇರುತ್ತಾನೆ, ಸುಡುತ್ತಾನೆ. ಮಂತ್ರ ಇಲ್ಲ, ದರ್ಭೆ ಇಲ್ಲ, ಚರ್ಚೆ ಇಲ್ಲ. ಚಂದ್ರಿ ಯಾರಿಗೂ ಹೇಳದೆ ಊರು ಬಿಡುತ್ತಾಳೆ.

ಇಲ್ಲಿ ಪುಸ್ತಕ ಮುಚ್ಚಿ ಒಂದು ನಿಮಿಷ ಯೋಚಿಸು. ಗುಟ್ಟು ಗೊತ್ತಿರುವುದು ಯಾರಿಗೆ? ಚಂದ್ರಿಗೆ, ಬ್ಯಾರಿಗೆ, ನಿನಗೆ. ಅಗ್ರಹಾರದವರು ಇನ್ನೂ ಮಠಕ್ಕೆ ಹೋಗಿ ಕೇಳುವ ಮಾತಾಡುತ್ತಿದ್ದಾರೆ. ಇನ್ನೂ ಹಸಿದಿದ್ದಾರೆ. ಪಕ್ಕದೂರು ಪಾರಿಜಾತಪುರದ ಹುಡುಗರು ಕದ್ದು ಸುಟ್ಟುಬಿಡೋಣ ಅಂತ ಬಂದವರು ಹೆಣ ಕಾಣದೆ, ಪ್ರೇತ ಎದ್ದು ನಡೆಯಿತು ಅಂತ ಹೆದರಿ ಓಡುತ್ತಾರೆ. ಆಚಾರ್ಯರು ಊರು ಬಿಟ್ಟು ಅಲೆಯುವಾಗಲೂ ಅವರ ತಲೆಯಲ್ಲಿ ಆ ಹೆಣ ಇನ್ನೂ ಕೊಳೆಯುತ್ತಲೇ ಇದೆ. ಅಲ್ಲಿಂದ ಮುಂದೆ ಅವರಾಡುವ ಒಂದೊಂದು ಮಾತೂ ಬಂಗಾರದ ಜಿಂಕೆಯ ವರ್ಣನೆ. ಇಲ್ಲದ ಹೆಣಕ್ಕೆ ಶಾಸ್ತ್ರ ಹುಡುಕುತ್ತಿದ್ದಾರೆ.

ನಿನ್ನ ಮಾಷ್ ‘ಅದಕ್ಕೆ?’ ಅಂತ ಕೇಳಿದ್ದು ಇದನ್ನೇ ಅಂತ ನನ್ನ ಲೆಕ್ಕ. ಹೆಣ ಹೋದ ಮೇಲೂ ಪ್ರಶ್ನೆ ಉಳಿದಿದೆ ಎಂದಾದರೆ, ಆ ಪ್ರಶ್ನೆ ಹೆಣದ್ದಾಗಿರಲೇ ಇಲ್ಲ. ಬದುಕಿರುವವರದ್ದು. ಬ್ರಾಹ್ಮಣ ಅಂದರೆ ಯಾರು, ಯಾರಿಗೆ ಯಾರು ಏನು, ಇಷ್ಟು ವರ್ಷ ನಾನು ನಂಬಿ ನಡೆದದ್ದು ಎಂತ, ಅಂತ. ಇದನ್ನು ಅನಂತಮೂರ್ತಿಯವರು ಯಾರ ಬಾಯಿಂದಲೂ ಭಾಷಣ ಮಾಡಿಸಿ ಹೇಳುವುದಿಲ್ಲ. ಗಾಡಿಯನ್ನು ರಾತ್ರಿಯಲ್ಲಿ ಕಳಿಸಿಬಿಟ್ಟು ಸುಮ್ಮನಾಗುತ್ತಾರೆ. ಉಳಿದದ್ದು ನಮ್ಮ ತಲೆಯಲ್ಲಿ ತಾನೇ ನಡೆಯುತ್ತದೆ.

ಆದ್ದರಿಂದ ನಿನ್ನ ಪಟ್ಟಿಯ ಐದೂ ಒಂದೇ ತೂಕದವಲ್ಲ. ಒಂದೊಂದನ್ನೇ ಕಾದಂಬರಿಯಿಂದ ಎಳೆದು ತೆಗೆದು ನೋಡು. ದಾಸಾಚಾರ್ಯನ ಊಟ ತೆಗೆದರೆ ಒಂದು ನಗೆ ಕಮ್ಮಿಯಾಗುತ್ತದೆ, ಮನೆ ಬೀಳುವುದಿಲ್ಲ. ಬ್ಯಾರಿಯ ಗಾಡಿ ತೆಗೆದರೆ ಮಾಡೇ ಕುಸಿಯುತ್ತದೆ. ಐದು ಪುಟದಲ್ಲಿ ಮೂರು ಪುಟ ಅದಕ್ಕೇ ಇಡು.

ಇನ್ನೊಂದು, ನಿನ್ನ ಪಟ್ಟಿಯಲ್ಲಿ ಇಲ್ಲದ್ದು. ಹೆಣ ಇನ್ನೂ ಇರುವಾಗ ಮನೆಗಳ ಮಾಡಿನ ಮೇಲೆ ಹದ್ದುಗಳು ಬಂದು ಕೂರುತ್ತವಲ್ಲ? ಆಗ ಬ್ರಾಹ್ಮಣರು ಏನು ಮಾಡುತ್ತಾರೆ ನೆನಪುಂಟಾ? ಒಳಗಿಂದ ಶಂಖ ಜಾಗಟೆ ತಂದು ಬಾರಿಸಿ ಓಡಿಸುತ್ತಾರೆ. ನಮ್ಮ ಮನೆಯಲ್ಲಿ ಜಾಗಟೆ ಬಾರಿಸುವುದು ಮಂಗಳಾರತಿಗೆ. ಆ ಸದ್ದು ಕೇಳಿದರೆ ಮಕ್ಕಳೂ ಆಟ ಬಿಟ್ಟು ಕೈಮುಗಿಯುತ್ತವೆ. ಅಲ್ಲಿ ಪೂಜೆ ನಿಂತು ಹೋಗಿದೆ, ಜಾಗಟೆ ಮಾತ್ರ ಬಡಿಯುತ್ತಿದೆ, ಹದ್ದಿಗೆ. ದೇವರನ್ನು ಕರೆಯುವ ಸದ್ದು ಹಕ್ಕಿ ಓಡಿಸಲಿಕ್ಕೆ ಬಂತು. ಆಚರಣೆಯ ಒಳಗೆ ಏನೂ ಉಳಿದಿಲ್ಲ ಅಂತ ಹತ್ತು ಸಾಲು ಬರೆಯುವುದಕ್ಕಿಂತ ಈ ಒಂದು ಚಿತ್ರ ಸಾಕು. ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ಪ್ರತಿ ಸಲವೂ ಇಲ್ಲಿಗೆ ಬಂದಾಗ ಕ್ಲಾಸು ಮೊದಲು ನಗುತ್ತದೆ, ಆಮೇಲೆ ನಗು ತಾನೇ ನಿಲ್ಲುತ್ತದೆ.

ಪೆರ್ಲದ ಬಸ್ಸಿನವಳು:

ಮಾಷ್, ಜಾಗಟೆಯ ಭಾಗ ನಾನು ಓದಿಕೊಂಡು ಹಾಗೇ ಮುಂದೆ ಹೋಗಿದ್ದೆ. ನಿಂತುಕೊಂಡು ಓದಿದ್ದರ ಫಲ.

ಒಂದು ಕೇಳಲಾ? ಪ್ರಾಣೇಶಾಚಾರ್ಯರ ವಿಷಯವೂ ವಿಪರ್ಯಾಸವೇ ಅಲ್ವಾ? ಅದು ಸಣ್ಣದಾ, ದೊಡ್ಡದಾ? ಪಾಪದ ಮನುಷ್ಯ ಅಂತ ನನಗೆ ಅವರ ಮೇಲೆ ಕನಿಕರವೇ ಬಂತು.

ನಿವೃತ್ತ ಮಾಷ್, ಬದಿಯಡ್ಕ:

ಕನಿಕರ ಬರಬೇಕು. ಬರದಿದ್ದರೆ ಅದು ಬರೀ ವಿಡಂಬನೆ ಆಗುತ್ತಿತ್ತು. ಚಿನ್ನಕ್ಕೆ ಆಸೆಪಟ್ಟ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರನ್ನು ನೋಡಿ ನಾವು ನಗುತ್ತೇವೆ, ಯಾಕೆಂದರೆ ಅವರ ಆಸೆ ಅವರಿಗೇ ಗೊತ್ತಿದೆ, ಅಡಗಿಸುತ್ತಾರೆ ಅಷ್ಟೇ. ಆಚಾರ್ಯರದ್ದು ಹಾಗಲ್ಲ. ಅವರು ಪ್ರಾಮಾಣಿಕ. ಕಾಯಿಲೆಯ ಭಾಗೀರಥಿಯನ್ನು ಗೊತ್ತಿದ್ದೇ ಮದುವೆಯಾದವರು. ಅವಳನ್ನು ಮೀಯಿಸುವುದು, ಗಂಜಿ ಕುಡಿಸುವುದು, ವರ್ಷಗಟ್ಟಲೆ ಬೇಸರವಿಲ್ಲದೆ ಮಾಡಿದ್ದಾರೆ. ಅದನ್ನೇ ತನ್ನ ತಪಸ್ಸು ಅಂದುಕೊಂಡಿದ್ದಾರೆ. ಕೊಕ್ಕೆ ಇರುವುದು ಅಲ್ಲೇ. ನನಗೆ ಏನೂ ಬೇಡ ಅನ್ನುವ ಮನುಷ್ಯನಿಗೆ ಮೋಕ್ಷ ಬೇಕು. ಆಸೆ ಬಿಟ್ಟದ್ದೂ ಒಂದು ಆಸೆಗಾಗಿಯೇ.

ನಾರಣಪ್ಪ ಬದುಕಿದ್ದಾಗ ಅವರಿಗೆ ಒಂದು ಮಾತು ಚುಚ್ಚಿದ್ದ, ಅದನ್ನು ಹುಡುಕಿ ಓದು. ಆಚಾರ್ಯರು ಪುರಾಣ ಹೇಳುವಾಗ ಶಕುಂತಲೆಯ ವರ್ಣನೆ ಮಾಡುತ್ತಾರೆ. ಅದನ್ನು ಕೇಳಿದ ಹುಡುಗನೊಬ್ಬ ಸೀದಾ ಹೊಳೆಗೆ ಹೋಗಿ ಅಲ್ಲಿ ನೀರಿಗೆ ಬಂದ ಹೆಣ್ಣನ್ನು ಕೂಡುತ್ತಾನೆ. ಪುರಾಣ ಹೇಳಿದವರು ಶುದ್ಧ, ಕೇಳಿದವ ಕೆಟ್ಟ. ನಿಜಕ್ಕೂ ಹಾಗೆಯಾ ಅಂತ ನಾರಣಪ್ಪನ ಪ್ರಶ್ನೆ. ಆಗ ಆಚಾರ್ಯರ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಸಿಕ್ಕಿದ್ದು ಕಾಡಿನಲ್ಲಿ, ತನ್ನ ಮೈಯಲ್ಲೇ.

ಆಮೇಲೆ ಮೇಳಿಗೆಯ ತೇರಿನ ಭಾಗ. ಹೆಂಡತಿ ಸತ್ತ ಸೂತಕದಲ್ಲೇ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ, ಯಾರಾದರೂ ಗುರುತು ಹಿಡಿದಾರು ಅಂತ ಅನ್ನದ ಮುಂದೆ ನಡುಗುತ್ತಾರೆ. ನಾರಣಪ್ಪ ಮಾಡಿದ್ದೆಲ್ಲ ಹಗಲಲ್ಲಿ, ಬಾಗಿಲು ತೆರೆದಿಟ್ಟು. ಇವರದ್ದು ಕದ್ದು. ತೀರ್ಪು ಕೊಡಬೇಕಾದವರು ಯಾರ ತೀರ್ಪು ಕೊಡಬೇಕಿತ್ತೋ ಅವನಿಗಿಂತ ಕೆಳಗೆ ನಿಂತಂತಾಯಿತು. ಇದು ದೊಡ್ಡ ವಿಪರ್ಯಾಸವೇ. ಆದರೆ ಇದನ್ನು ಎಲ್ಲರೂ ಬರೆಯುತ್ತಾರೆ. ನೀನು ಬರೆಯುವುದಾದರೆ ಗಾಡಿಯ ಜೊತೆ ಕಟ್ಟಿ ಬರೆ.

ಮುಳ್ಳೇರಿಯದ ಅಂಗಡಿ:

ಮಾಷ್ ಹೇಳಿದ್ದು ಚಂದ ಉಂಟು, ಆದರೆ ನನಗೆ ಸ್ವಲ್ಪ ತಕರಾರು ಉಂಟು. ಹೇಳಿ ಹೋಗುತ್ತೇನೆ, ಗಿರಾಕಿ ಕಮ್ಮಿ ಇರುವ ಹೊತ್ತು.

ನಾನು ಹೆಂಗಸಾಗಿ ಓದಿದೆ. ಎಲ್ಲ ವಿಪರ್ಯಾಸವೂ ಗಂಡಸರಿಗೆ. ಆಚಾರ್ಯರಿಗೆ ತಳಮಳ, ಆಚಾರ್ಯರಿಗೆ ಪ್ರಶ್ನೆ, ಆಚಾರ್ಯರಿಗೆ ಪುಟಗಟ್ಟಲೆ ಯೋಚನೆ. ಚಂದ್ರಿಗೆ? ಮೈಯಿಂದ ಚಿನ್ನ ಬಿಚ್ಚಿಟ್ಟವಳು ಅವಳು, ಹೆಣ ಸುಡಿಸಿದವಳು ಅವಳು, ಇಡೀ ಕಥೆಯಲ್ಲಿ ಏನಾದರೂ ಕೆಲಸ ಮಾಡಿದವಳು ಎಂದರೆ ಅವಳೇ. ಕೆಲಸ ಮುಗಿದ ಕೂಡಲೇ ಕಾದಂಬರಿ ಅವಳನ್ನು ಬಸ್ಸು ಹತ್ತಿಸಿ ಕಳಿಸಿಬಿಡುತ್ತದೆ. ಅವಳ ತಲೆಯಲ್ಲಿ ಏನು ಓಡುತ್ತಿತ್ತು ಅಂತ ಕೇಳುವವರಿಲ್ಲ. ಕೆಳಜಾತಿಯ ಹುಡುಗಿ ಬೆಳ್ಳಿಯದ್ದಂತೂ ಇನ್ನೂ ಅನ್ಯಾಯ, ಅವಳು ಬರೀ ಮೈ. ಬ್ರಾಹ್ಮಣರು ಹೆಂಗಸನ್ನು, ಕೆಳಜಾತಿಯವರನ್ನು ಮನುಷ್ಯರು ಅಂತ ನೋಡಲಿಲ್ಲ ಅಂತ ಹೇಳುವ ಪುಸ್ತಕ ತಾನೂ ಪೂರ್ತಿ ನೋಡಲಿಲ್ಲ. ಇದು ವಿಪರ್ಯಾಸ ಅಲ್ವಾ? ಇದನ್ನು ಬರೆದರೆ ಮಾರ್ಕು ಕಟ್ ಮಾಡ್ತಾರಾ?

ನನಗೆ ಕೇಳಿದರೆ ‘ಚೋಮನ ದುಡಿ’ಯ ವಿಪರ್ಯಾಸ ಇದಕ್ಕಿಂತ ಗಟ್ಟಿ. ಕಾರಂತರು 1933ರಲ್ಲಿ ಬರೆದದ್ದು, ನಮ್ಮ ತುಳುನಾಡಿನದ್ದೇ ಕಥೆ. ಚೋಮನ ಹತ್ತಿರ ಎರಡು ಎತ್ತು ಉಂಟು, ಉಳಲಿಕ್ಕೆ ಗದ್ದೆ ಇಲ್ಲ, ಅವನ ಜಾತಿಗೆ ಬೇಸಾಯ ಮಾಡುವ ಹಕ್ಕೇ ಇಲ್ಲ. ಮತ ಬದಲಿಸಿದರೆ ಭೂಮಿ ಸಿಗುತ್ತದೆ ಅಂತ ಹೊರಟವನನ್ನು ಅವನು ನಂಬಿದ ಭೂತವೇ ವಾಪಸು ಎಳೆಯುತ್ತದೆ. ಅವನನ್ನು ಹೊಲೆಯ ಅಂತ ದೂರ ಇಟ್ಟ ಧರ್ಮವನ್ನು ಅವನೇ ಬಿಡಲಾರ. ತಲೆಯೊಳಗೆ ತಳಮಳ ಪಡಲಿಕ್ಕೆ ಅವನಿಗೆ ಪುರುಸೊತ್ತಿಲ್ಲ, ದುಡಿ ಬಡಿಯುತ್ತಾನೆ, ಅಷ್ಟೆ.

ನಿವೃತ್ತ ಮಾಷ್, ಬದಿಯಡ್ಕ:

ಅಂಗಡಿಯಕ್ಕನ ಮಾತು ಸರಿ. ಬೆಳ್ಳಿಯ ವಿಷಯದಲ್ಲಿ ನನ್ನ ಹತ್ತಿರ ಜವಾಬು ಇಲ್ಲ. ಚಂದ್ರಿಯ ವಿಷಯದಲ್ಲಿ ಅರ್ಧ ಜವಾಬು ಉಂಟು: ಅವಳಿಗೆ ತಳಮಳ ಇಲ್ಲದಿರುವುದೇ ಅವಳ ಬಲ ಅಂತ ಬರೆದವರು ಅಂದುಕೊಂಡಿರಬೇಕು. ಸತ್ತವನನ್ನು ಸುಡಬೇಕು ಅಂತ ಅವಳಿಗೆ ಗೊತ್ತು, ಅದಕ್ಕೆ ಗ್ರಂಥ ಬೇಡ. ಆದರೆ ಅದೂ ಗಂಡಸಿನ ಕಣ್ಣಿಗೆ ಕಂಡ ಬಲವೇ, ಅದನ್ನು ಒಪ್ಪುತ್ತೇನೆ. ತಂಗಿ, ಇದನ್ನು ಧೈರ್ಯವಾಗಿ ಬರೆ. ಮಾರ್ಕು ಕಟ್ ಮಾಡುವ ಮಾಷ್ ಆಗಿದ್ದರೆ ‘ಅದಕ್ಕೆ?’ ಅಂತ ಕೇಳುತ್ತಿರಲಿಲ್ಲ.

ಹೊಸದುರ್ಗದ ಓದುಗ:

ಕಾಸರಗೋಡಿನ ತೆಂಕು ಬದಿಯಿಂದ ನಂದೊಂದು. ನಮ್ಮಲ್ಲಿ ಪೊಟ್ಟನ್ ತೆಯ್ಯಂ ನೋಡಿದ್ದೀರಾ? ತೆಯ್ಯಂ ಅಂದರೆ ನಿಮ್ಮ ಭೂತಕೋಲದ ಹಾಗೆ. ಪೊಟ್ಟನ್ ಅಂದರೆ ಪೆದ್ದ. ಶಂಕರಾಚಾರ್ಯರ ದಾರಿಗೆ ಚಂಡಾಲನ ವೇಷದಲ್ಲಿ ಶಿವ ಅಡ್ಡ ನಿಂತ ಕಥೆ. ದಾರಿ ಬಿಡು ಅಂತಾರೆ ಆಚಾರ್ಯರು. ಯಾವುದು ದಾರಿ ಬಿಡಬೇಕು, ಮೈಯೋ ಒಳಗಿನದ್ದೋ ಅಂತ ಕೇಳುತ್ತಾನೆ ಪೆದ್ದ. ನಿಮ್ಮನ್ನು ಕಡಿದರೂ ನಮ್ಮನ್ನು ಕಡಿದರೂ ಬರುವ ನೆತ್ತರು ಒಂದೇ ಅಲ್ಲವಾ ಅನ್ನುವ ಅರ್ಥದ ಮಾತು ತೋಟ್ಟಂ ಹಾಡಿನಲ್ಲಿ ಬರುತ್ತದೆ. ಜ್ಞಾನಿಗೆ ಪಾಠ ಹೇಳಿದವನು ಪೆದ್ದ.

ನಾನು ಚಿಕ್ಕವನಿದ್ದಾಗ ಮಾವನ ಹೆಗಲ ಮೇಲೆ ಕೂತು ನೋಡಿದ್ದು. ಬೆಳಗಿನ ಜಾವ. ಸೊಂಟಕ್ಕೆ ತೆಂಗಿನ ಎಳೆ ಗರಿ ಕಟ್ಟಿಕೊಂಡ ತೆಯ್ಯಂ ಕೆಂಡದ ರಾಶಿಯ ಮೇಲೆ ಹೋಗಿ ಮಲಗಿತು. ನಮಗೆ ಹತ್ತು ಮಾರು ದೂರದಲ್ಲೇ ಮುಖ ಸುಡುತ್ತಿತ್ತು. ಅದು ಮಲಗಿದಲ್ಲಿಂದಲೇ ‘ಕುಳಿರು, ಕುಳಿರು’ ಅಂತ ಹೇಳಿತು, ಚಳಿ ಚಳಿ ಅಂತ. ಜನ ನಕ್ಕರು. ನನ್ನ ಮಾವ ನಗಲಿಲ್ಲ, ಕೈಮುಗಿದರು.

ಇದನ್ನು ಯಾಕೆ ಹೇಳಿದೆ ಅಂದರೆ, ‘ಸಂಸ್ಕಾರ’ ಓದುವಾಗ ನನಗೆ ಅಹ್ಮದ್ ಬ್ಯಾರಿ ಆ ಪೊಟ್ಟನ ಹಾಗೆ ಕಂಡ. ಅವನು ಪ್ರಶ್ನೆ ಕೇಳುವುದಿಲ್ಲ, ವಾದ ಮಾಡುವುದಿಲ್ಲ, ಅಷ್ಟೇ ವ್ಯತ್ಯಾಸ. ಬೆಂಕಿಯ ಹತ್ತಿರ ಹೋಗಿ ಕೆಲಸ ಮುಗಿಸುತ್ತಾನೆ.

ಕುಂಬ್ಳೆ ಕಡಲು:

ಸಿನಿಮಾದ ವಿಪರ್ಯಾಸ ಬಿಟ್ಟಿರಲ್ಲ. 1970ರ ‘ಸಂಸ್ಕಾರ’ ಸಿನಿಮಾವನ್ನು ಮೊದಲು ಸೆನ್ಸಾರಿನವರು ತಡೆದರು, ಆಮೇಲೆ ಅದಕ್ಕೇ ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು. ಇದು ಹೊಂಡ ಅಲ್ಲ, ಅಸಲಿ ವಿಪರ್ಯಾಸ.

ನಿವೃತ್ತ ಮಾಷ್, ಬದಿಯಡ್ಕ:

ಅದನ್ನು ಅಸೈನ್‌ಮೆಂಟಿನಲ್ಲಿ ಹಾಕಬೇಡ ತಂಗಿ. ಅದು ಸಿನಿಮಾಕ್ಕೆ ಆದದ್ದು, ಕಾದಂಬರಿಯ ಒಳಗಿನದ್ದಲ್ಲ.

ಒಳಗಿನದ್ದು ಬೇಕಾದರೆ ಹೆಸರನ್ನೇ ನೋಡು. ಸಂಸ್ಕಾರ ಅಂದರೆ ಹೆಣ ಸುಡುವ ಕರ್ಮ. ‘ಸಂಸ್ಕಾರ ಇಲ್ಲದವ’ ಅಂತ ಬೈಯುವಾಗ ಅದೇ ಶಬ್ದ ನಡತೆ ಆಗುತ್ತದೆ. ಹುಟ್ಟಿನಿಂದ ಮೈಗೆ ಅಂಟಿದ್ದೂ ಸಂಸ್ಕಾರವೇ. ಮುಖಪುಟದಲ್ಲಿ ಓದುವಾಗ ಮೊದಲನೆಯ ಅರ್ಥ ಅಂದುಕೊಳ್ಳುತ್ತೇವೆ. ಆ ಅರ್ಥದ ಸಂಸ್ಕಾರ ನಡುವಲ್ಲೇ ಮುಗಿದು ಹೋಗುತ್ತದೆ, ಅದನ್ನು ಮಾಡಿದವನು ಮೀನಿನವನು. ಉಳಿದ ಎರಡು ಅರ್ಥಗಳು ಆಚಾರ್ಯರ ಬೆನ್ನು ಬಿಡುವುದಿಲ್ಲ. ಕೊನೆಯಲ್ಲಿ ಗಾಡಿಯಲ್ಲಿ ಕೂತು ಊರಿಗೆ ಹೋಗುತ್ತಿರುತ್ತಾರೆ, ಹೋಗಿ ಏನು ಹೇಳಿದರು ಅಂತ ನಮಗೆ ತಿಳಿಯುವುದಿಲ್ಲ. ಈ ಸಲ ಗೊತ್ತಿಲ್ಲದವರು ನಾವು.

ಪೆರ್ಲದ ಬಸ್ಸಿನವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮೂರು ಪುಟ ಆಯಿತು. ಅಂಗಡಿಯಕ್ಕನ ತಕರಾರು ಕೊನೆಯ ಪುಟಕ್ಕೆ ಇಟ್ಟಿದ್ದೇನೆ. ಪೊಟ್ಟನ್ ತೆಯ್ಯಂ ಹಾಕಬಹುದಾ ಅಂತ ಮಾಷ್ ಹತ್ತಿರ ಕೇಳಿ ಹಾಕುತ್ತೇನೆ.

ಒಂದು ಹೇಳಬೇಕು. ಬರೆಯುವಾಗ ಅಜ್ಜಿ ಪಕ್ಕದಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಎಂತ ಅಷ್ಟು ಬರೆಯುವುದು ಅಂತ ಕೇಳಿದರು. ಕಥೆ ಹೇಳಿದೆ, ತುಳುವಿನಲ್ಲಿ. ನಾರಣಪ್ಪ ಸತ್ತದ್ದು, ಯಾರೂ ಮುಟ್ಟದ್ದು, ಯಾರೂ ಉಣ್ಣದೆ ಕೂತದ್ದು. ಅಲ್ಲಿವರೆಗೆ ಅಜ್ಜಿ ಹೂಂಗುಟ್ಟುತ್ತಾ ಎಲೆ ಕತ್ತರಿಸುತ್ತಿದ್ದರು. ನೆರೆಮನೆಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ನಮ್ಮಲ್ಲೂ ಒಲೆ ಹಚ್ಚುವುದಿಲ್ಲ, ಹಾಗಾಗಿ ಅದು ಅವರಿಗೆ ಹೊಸತೇನಲ್ಲ. ಬ್ಯಾರಿ ಬಂದು ರಾತ್ರಿ ಸುಟ್ಟ, ಇವರಿಗೆ ಗೊತ್ತೇ ಇಲ್ಲ ಅಂದೆ. ಅಜ್ಜಿಯ ಕತ್ತರಿ ನಿಂತಿತು.

‘ಅಂದರೆ ಮರುದಿನ ಅವರು ಹಸಿದು ಕೂತದ್ದು ಸುಮ್ನೆಯಾ?’ ಅಂತ ಕೇಳಿದರು.

ಹೌದು ಅಂದೆ. ‘ಒಬ್ಬರೂ ಆ ಮನೆಯ ಬಾಗಿಲು ತೆರೆದು ನೋಡಲಿಲ್ಲವಾ?’ ಅಂದರು.

ನಿವೃತ್ತ ಮಾಷ್, ಬದಿಯಡ್ಕ:

ಆ ಎರಡು ಪ್ರಶ್ನೆಯನ್ನು ಮೊದಲ ಪುಟದ ಮೊದಲ ಸಾಲಿಗೆ ಹಾಕು. ಅಜ್ಜಿ ಹೇಳಿದ್ದು ಅಂತಲೇ ಬರೆ.

ಕುಂಬ್ಳೆ ಕಡಲು:

ಮಾರ್ಕು ಬಂದ ಮೇಲೆ ಅಜ್ಜಿಗೆ ಎಷ್ಟು, ನಿಮಗೆ ಎಷ್ಟು ಅಂತ ಇಲ್ಲಿ ಹಾಕಿ.